ಒಂದು ಪದ ಕೇಳಿಸಿತು

ಮನಾಮಾ ಸೂಕಿನ ಒಳಗಲ್ಲಿ, ಅತ್ತರಿನಂಗಡಿಯ ಪಕ್ಕ
ಆರಡಿ ಅಗಲದ ಅಂಗಡಿ ನನ್ನದು.
ಬೀಗದಕೈ ಮಾಡುತ್ತೇನೆ, ಮೊಹರು ಕೆತ್ತುತ್ತೇನೆ,
ದೋಣಿಗಳಿಗೆ ನಂಬರು, ಬೆಕ್ಕಿನ ಕೊರಳಿಗೆ ಹೆಸರು.
ಮೂವತ್ತೊಂದು ವರ್ಷ. ಎಡಗಿವಿ ತುಸು ಮಂದ,
ಬಲಗಿವಿ ಮಾತ್ರ ಇನ್ನೂ ಆಚಾರಿಯದ್ದೇ.

ಆಗಸ್ಟಿನ ಶುಕ್ರವಾರ. ಗಾಳಿ ಹಿಂಡಿದರೆ ನೀರು ಬರುವ ಹೊತ್ತು
ಸಿಸ್ಟರ್ ಜುಲಿಯಾನಾ ಬಂದರು, ರಾತ್ರಿಪಾಳಿ ಮುಗಿಸಿ.
ಚೀಲದಿಂದ ತೆಗೆದದ್ದು ಹೆಬ್ಬೆರಳಿನಷ್ಟು ಯಂತ್ರ.
"ಇದು ನನ್ನ ತಿಜೋರಿ ಆಚಾರ್ರೇ. ಒಳಗೆ ದುಡ್ಡಿಲ್ಲ,
ಕೀಲಿ ಮಾತ್ರ. ದುಡ್ಡು ಎಲ್ಲೂ ಇಲ್ಲ, ಎಲ್ಲಾ ಕಡೆ ಇದೆ."
ದೇವರ ಬಗ್ಗೆ ಹೀಗೆ ಹೇಳಿದ್ದು ಕೇಳಿದ್ದೆ,
ದುಡ್ಡಿನ ಬಗ್ಗೆ ಇದೇ ಮೊದಲು.

ಮೊದಲೊಂದು ಅಗ್ಗದ್ದು ತಂದಿದ್ದರಂತೆ, ಯಾರದೋ ಕೈಯಿಂದ.
ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇಪ್ಪತ್ತನಾಲ್ಕು ಪದ
ಆಗಲೇ ಮುದ್ದಾಗಿ ಬರೆದಿತ್ತಂತೆ.
"ಬಾಗಿಲು ಮಾರಿದವನ ಜೇಬಲ್ಲೇ ಇನ್ನೊಂದು ಕೀಲಿ," ಅಂದೆ.
"ಅದೇ ಮತ್ತೆ!" ಅದನ್ನು ಕಸಕ್ಕೆ ಹಾಕಿ
ತಯಾರಿಸಿದವರಿಂದಲೇ ನೇರ ತರಿಸಿದ್ದು ಇದು.
ಪದಗಳನ್ನು ಇದೇ ಹೆತ್ತಿತು, ತನ್ನ ಪುಟ್ಟ ಗಾಜಿನ ಮೇಲೆ,
ಒಂದೊಂದಾಗಿ, ಫೋನಿಗೂ ತೋರಿಸದೆ.

ಕಾಗದ ಬೆವರುತ್ತದೆ ಈ ಊರಲ್ಲಿ. ಫೋಟೋ ತೆಗೆಯಬಾರದು.
ಉಕ್ಕಿನ ಮೇಲೆ ಬೇಕು. ಪದಕ್ಕೆ ನಾಲ್ಕಕ್ಷರ ಸಾಕು,
ಉಳಿದದ್ದು ಯಂತ್ರಕ್ಕೇ ತಿಳಿಯುತ್ತದೆ.
ಚೀಟಿ ನನ್ನತ್ತ ಚಾಚಿದರು. ನಾನು ಕೈ ಹಿಂದೆಗೆದೆ.
"ನನಗೂ ತೋರಿಸಬೇಡಿ. ಇಗೋ ಅಚ್ಚುಮೊಳೆ, ಇಗೋ ಸುತ್ತಿಗೆ,
ಸಮುದ್ರಕ್ಕೂ ಜಗ್ಗದ ತಗಡು. ನೀವೇ ಹೊಡೀರಿ."
ಅಂಗಡಿಯ ಕ್ಯಾಮೆರಾಕ್ಕೆ ಟವೆಲ್ಲು ಹೊದಿಸಿ
ಗೋಡೆಗೆ ಮುಖ ಮಾಡಿ ಕೂತೆ, ಶಾಲೆಯಲ್ಲಿ ಶಿಕ್ಷೆಗೆ ಕೂತ ಹಾಗೆ.

ಟಣ್.
ಅಕ್ಷರಕ್ಕೊಂದು ದನಿ ಇದೆ, ನಿಮಗೆ ಗೊತ್ತಿರಲಿಕ್ಕಿಲ್ಲ.
ಐ ಚುಚ್ಚುತ್ತದೆ, ಓ ಗುದ್ದುತ್ತದೆ,
ಎಸ್ ತುಸು ಜಾರಿ ಕೂರುತ್ತದೆ.
ಎಸ್. ಎ. ಎಲ್. ಟಿ.
ಉಪ್ಪು.

ಗ್ರೈಂಡರ್ ಹಾಕಿದೆ. ಯಾವುದೋ ಕಬ್ಬಿಣ ಹಿಡಿದು ಉಜ್ಜಿದೆ,
ಸುಮ್ಮನೆ, ಇಪ್ಪತ್ತಮೂರು ಪದದುದ್ದಕ್ಕೂ ಕಿಡಿ ಹಾರಿಸುತ್ತಾ.
ಮುಗಿಯಿತೆಂದು ಮೇಜು ತಟ್ಟಿದಾಗ ಎದ್ದೆ.
ಎರಡು ದಿನಾರ್ ಕೊಟ್ಟರು, ಮೆಟ್ಟಿಲಿಳಿದರು.
ಅತ್ತರಿನಂಗಡಿ ದಾಟುವ ಮೊದಲೇ ಕರೆದೆ:
"ಸಿಸ್ಟರ್, ಒಂದು ಪದ ಕೇಳಿಸಿತು."

"ಒಂದರಿಂದ ಏನಾಗ್ತದೆ ಮಾರಾಯ್ರೇ,
ಇಪ್ಪತ್ತಮೂರು ಬಾಕಿ ಇದೆಯಲ್ಲ?"
ಏನೂ ಆಗುವುದಿಲ್ಲ, ನಿಜ. ಆದರೆ ನಾನು ಬೀಗದವನು.
ಕೀಲಿಯ ಒಂದು ಹಲ್ಲು ಕಂಡರೂ ಕೈ ಸುಮ್ಮನಿರದು,
ಉಳಿದ ಹಲ್ಲು ಹುಡುಕುತ್ತದೆ.
ಉಪ್ಪಿನ ಋಣ ಅಂತಾರಲ್ಲ, ಅದು ಉಂಡವರಿಗೆ.
ಕದ್ದು ಕೇಳಿದವನಿಗೆ ಏನಂತಾರೋ.

ದುಡ್ಡಿನ್ನೂ ಹಾಕಿರಲಿಲ್ಲ, ಪುಣ್ಯ.
ಅಲ್ಲೇ ಸ್ಟೂಲಿನ ಮೇಲೆ ಕೂತು ಬೇಕೆಂದೇ
ಮೂರು ಸಲ ತಪ್ಪು ಪಿನ್ ಒತ್ತಿದರು. ಅದು ಎಲ್ಲ ಮರೆಯಿತು.
ಹೊಸ ಪದ, ಹೊಸ ತಗಡು. ತಗಡಿಗೆ ದುಡ್ಡು ತಗೊಳ್ಳಲಿಲ್ಲ,
ತಪ್ಪು ಕಿವಿಯದ್ದು.
ಈ ಸಲ ಮೊದಲ ಏಟಿಗೂ ಮುಂಚೆ ಗ್ರೈಂಡರ್.

ಮುಂದಿನ ವಾರ ಮತ್ತೆ ಬಂದರು, ಚಾ ಕುಡಿಯಲಿಕ್ಕೆ.
ಐದು ದಿನಾರಿನಷ್ಟೇ ಮೊದಲು ಕಳಿಸಿ,
ಯಂತ್ರವನ್ನು ಪೂರಾ ಅಳಿಸಿ, ತಗಡು ನೋಡಿ
ಅದರ ಗುಂಡಿಗಳಲ್ಲೇ ಪದಗಳನ್ನು ಒತ್ತಿದರಂತೆ.
ಐದೂ ಮರಳಿ ಕಂಡಿತು. "ಸತ್ತು ಹುಟ್ಟಿತು ಆಚಾರ್ರೇ."
ಆಮೇಲೆಯೇ ಉಳಿದದ್ದು ಹಾಕಿದ್ದು.
ಕಂಪನಿಯವನೆಂದು ಯಾರೋ ಫೋನ್ ಮಾಡಿ
ಪದಗಳನ್ನು ಕೇಳಿದನಂತೆ, ಬಹಳ ವಿನಯದಿಂದ.
"ನೀವೇನಂದಿರಿ?"
"ಗ್ರೈಂಡರ್ ಹಾಕಿದೆ."

ತಗಡು ಎಲ್ಲಿಟ್ಟರೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಹಳೆಯದು ನನ್ನಲ್ಲೇ ಉಳಿಯಿತು, ಚಾ ಗ್ಲಾಸಿನ ಅಡಿಗೆ,
ಯಾವ ಬಾಗಿಲಿಗೂ ಹತ್ತದ ಇಪ್ಪತ್ತನಾಲ್ಕು ಪದ.
ಈಗ ಧೈರ್ಯವಾಗಿ ಓದುತ್ತೇನೆ:
ಉಪ್ಪು, ಏಣಿ, ನಿಂಬೆ...
ಎಂಟನೆಯದರಲ್ಲಿ ಒಂದಕ್ಷರ ತಲೆಕೆಳಗಾಗಿದೆ.
ಪಾಪ, ರಾತ್ರಿಪಾಳಿ.